ವಿಲೀನದಿಂದ ನಿರ್ಗಮನದವರೆಗೆ: ಡಾ. ರಾಮಮನೋಹರ ಲೋಹಿಯಾ

ಸ್ವತಂತ್ರ ಭಾರತದ ರಾಜಕೀಯ ಚರಿತ್ರೆಯಲ್ಲಿ ಪಕ್ಷಾಂತರದ ನಿದರ್ಶನಗಳು ಹೇರಳ. ಪಕ್ಷತ್ಯಾಗದ ನಿದರ್ಶನಗಳು ವಿರಳ. ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯ ಕ್ರಿಯೆಗಳಂತೆ ತೋರಿದರೂ ಅವುಗಳ ಹಿಂದಿನ ಪ್ರೇರಣೆ ಬೇರೆ ಬೇರೆ. ಅಧಿಕಾರವಿರುವ ಕಡೆಗೆ ಸರಿಯುವುದು ಪಕ್ಷಾಂತರ. ತನ್ನವರ ಕೈಯಲ್ಲಿರುವ ಅಧಿಕಾರವನ್ನೇ ಪ್ರಶ್ನಿಸಿ ಬರಿಗೈಯಲ್ಲಿ ಹೊರನಡೆಯುವುದು ಪಕ್ಷತ್ಯಾಗ. ಡಾ. ರಾಮಮನೋಹರ ಲೋಹಿಯಾ ಅವರು 1955ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಹೊರಬಂದದ್ದು ಈ ಎರಡನೆಯ ಬಗೆಗೆ ಸೇರಿದ ಘಟನೆ. ಎರಡು ಪಕ್ಷಗಳ ವಿಲೀನದಿಂದ ರೂಪುಗೊಂಡ ಸಂಘಟನೆಯೊಂದು ತನ್ನ ಸಿದ್ಧಾಂತವನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಲ್ಲದು, ಪಕ್ಷದ ಶಿಸ್ತು ಹಾಗೂ ವ್ಯಕ್ತಿಯ ಅಂತಃಸಾಕ್ಷಿ ಪರಸ್ಪರ ಎದುರಾದಾಗ ಯಾವುದು ಮಣಿಯಬೇಕು ಎಂಬ ಪ್ರಶ್ನೆಗಳನ್ನು ಆ ಘಟನೆ ಎತ್ತಿತು. ಲೋಹಿಯಾ ಅವರ ಬದುಕನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡಿದಾಗ ಅದರ ಹಿಂದುಮುಂದುಗಳು ಸ್ಪಷ್ಟವಾಗುತ್ತವೆ.

ಲೋಹಿಯಾ ಅವರು ಹುಟ್ಟಿದ್ದು 1910ರ ಮಾರ್ಚ್ 23ರಂದು, ಉತ್ತರ ಪ್ರದೇಶದ ಅಂದಿನ ಫೈಜಾಬಾದ್ ಜಿಲ್ಲೆಯ ಅಕಬರಪುರದಲ್ಲಿ. ತಂದೆ ಹೀರಾಲಾಲ್ ಅವರು ಗಾಂಧೀಜಿಯವರ ಅನುಯಾಯಿ. ತಾಯಿ ಮಗುವಿನ ಎಳವೆಯಲ್ಲಿಯೇ ತೀರಿಕೊಂಡರು. ತಂದೆಯೊಡನೆ ಮುಂಬಯಿಗೆ ಬಂದ ಬಾಲಕ ಅಲ್ಲಿನ ಮಾರವಾಡಿ ಶಾಲೆಯಲ್ಲಿ ಓದಿ 1925ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ. ಬಳಿಕ ಕಾಶಿಯ ಹಿಂದೂ ವಿಶ್ವವಿದ್ಯಾಲಯ, ಕಲ್ಕತ್ತೆಯ ವಿದ್ಯಾಸಾಗರ ಕಾಲೇಜು, 1929ರಲ್ಲಿ ಬಿ.ಎ. ಪದವಿ. ಹೀಗೆ ಒಂದೇ ಪ್ರಾಂತಕ್ಕೆ, ಒಂದೇ ಭಾಷೆಗೆ ಕಟ್ಟುಬೀಳದ ವಿದ್ಯಾಭ್ಯಾಸ ಅವರದಾಯಿತು.

ಉನ್ನತ ವ್ಯಾಸಂಗಕ್ಕೆ ಅಂದಿನ ಭಾರತೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಲೋಹಿಯಾ ಅವರು ಆರಿಸಿಕೊಂಡದ್ದು ಬರ್ಲಿನ್ ನಗರವನ್ನು. ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟ್ ಅವರ ಶಿಷ್ಯರಾಗಿ, ಜರ್ಮನ್ ಭಾಷೆಯನ್ನು ಕಲಿತು, ಭಾರತದ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹಕ್ಕೆ ಸಂಬಂಧಿಸಿದ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿದರು. 1930ರಲ್ಲಿ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಬಿಕಾನೇರಿನ ಮಹಾರಾಜರು ಭಾರತದ ಪ್ರತಿನಿಧಿಯಾಗಿ ಮಾತನಾಡಲು ಎದ್ದಾಗ, ಪ್ರೇಕ್ಷಕರ ಅಂಕಣದಲ್ಲಿ ಕುಳಿತಿದ್ದ ಇಪ್ಪತ್ತರ ಹರೆಯದ ಲೋಹಿಯಾ ಸಿಳ್ಳೆ ಹಾಕಿ ಪ್ರತಿಭಟಿಸಿದರು. ಪ್ರಾತಿನಿಧ್ಯದ ಅರ್ಹತೆ ಯಾರಿಗೆ ಎಂಬ ಪ್ರಶ್ನೆಯನ್ನು ಸಭಾಮರ್ಯಾದೆಗೂ ಮಿಗಿಲೆಂದು ಭಾವಿಸಿದ ಈ ಸ್ವಭಾವ ಅವರಲ್ಲಿ ಕೊನೆಯವರೆಗೂ ಉಳಿಯಿತು. ಅವರ ಗುಣವೂ ದೋಷವೂ ಇದರಲ್ಲಿಯೇ ಅಡಗಿದ್ದವು.

1933ರಲ್ಲಿ ಸ್ವದೇಶಕ್ಕೆ ಮರಳಿದ ಲೋಹಿಯಾ ಮರುವರ್ಷವೇ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಸ್ಥಾಪನೆಯಲ್ಲಿ ಪಾಲುಗೊಂಡರು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರ ದೇವ, ಅಚ್ಯುತ ಪಟವರ್ಧನ, ಅಶೋಕ ಮೆಹತಾ ಮುಂತಾದವರು ಅವರ ಸಹವರ್ತಿಗಳು. ಪಕ್ಷದ ವಾರಪತ್ರಿಕೆಯ ಸಂಪಾದಕತ್ವ ಅವರ ಪಾಲಿಗೆ ಬಂತು. 1936ರಲ್ಲಿ ಜವಾಹರಲಾಲ್ ನೆಹರೂ ಅವರು ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ವಿದೇಶಾಂಗ ವಿಭಾಗದ ಹೊಣೆಯನ್ನು ಅವರಿಗೆ ವಹಿಸಿದರು. ಮುಂದೆ ಪರಸ್ಪರ ಉಗ್ರ ಟೀಕಾಕಾರರಾಗಿ ನಿಂತ ಈ ಇಬ್ಬರ ನಡುವೆ ಆರಂಭದಲ್ಲಿ ಇದ್ದದ್ದು ಗುರುಶಿಷ್ಯರ ಬಾಂಧವ್ಯಕ್ಕೆ ಸಮೀಪವಾದ ಸಂಬಂಧವೆಂಬುದನ್ನು ಮರೆಯಬಾರದು.

1942ರ ಚಳವಳಿಯಲ್ಲಿ ಲೋಹಿಯಾ ಭೂಗತರಾದರು. ಮುಂಬಯಿಯಿಂದ ಗುಪ್ತವಾಗಿ ಬಿತ್ತರಗೊಳ್ಳುತ್ತಿದ್ದ ಕಾಂಗ್ರೆಸ್ ರೇಡಿಯೋದ ಹಿಂದೆ ಉಷಾ ಮೆಹತಾ ಮೊದಲಾದ ಯುವಕಯುವತಿಯರೊಡನೆ ಅವರೂ ಇದ್ದರು. 1944ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿಯೇ ಸೆರೆಸಿಕ್ಕ ಅವರನ್ನು ಲಾಹೋರಿನ ಕೋಟೆಯಲ್ಲಿಟ್ಟು ದಿನಗಟ್ಟಲೆ ನಿದ್ರೆಯಿಲ್ಲದಂತೆ ಮಾಡಿ ಹಿಂಸಿಸಲಾಯಿತು. 1946ರ ಏಪ್ರಿಲ್‌ನಲ್ಲಿ ಬಿಡುಗಡೆ. ಎರಡೇ ತಿಂಗಳಲ್ಲಿ, ಜೂನ್ 18ರಂದು, ವಿಶ್ರಾಂತಿಗೆಂದು ಗೋವೆಗೆ ಹೋದವರು ಮಡಗಾಂವಿನಲ್ಲಿ ಪೋರ್ಚುಗೀಸ್ ಆಡಳಿತದ ನಿರ್ಬಂಧಗಳನ್ನು ಮುರಿದು ಸಭೆ ನಡೆಸಿ ಮತ್ತೆ ಬಂಧಿತರಾದರು. ಗೋವೆಯ ವಿಮೋಚನಾ ಹೋರಾಟಕ್ಕೆ ಹೊಸ ಚಾಲನೆ ದೊರೆತದ್ದು ಅಂದೇ. ಪೊಲೀಸ್ ಬಲ ಮತ್ತು ನಿರಾಯುಧ ಜನತೆ ಮುಖಾಮುಖಿಯಾಗುವ ಸನ್ನಿವೇಶ ಲೋಹಿಯಾ ಅವರಿಗೆ ಪುಸ್ತಕದಿಂದ ತಿಳಿದ ಸಂಗತಿಯಾಗಿರಲಿಲ್ಲ. ಮೈಮೇಲೆ ಬಂದ ಅನುಭವವಾಗಿತ್ತು. 1954ರ ಅವರ ನಿಲುವನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸು ತನ್ನೊಳಗೆ ಬೇರೊಂದು ಸಂಘಟಿತ ಪಕ್ಷವಿರಕೂಡದೆಂದು ನಿರ್ಧರಿಸಿತು. 1948ರ ಮಾರ್ಚಿನಲ್ಲಿ ನಾಸಿಕದಲ್ಲಿ ಸೇರಿದ ಸಮಾಜವಾದಿಗಳು ಕಾಂಗ್ರೆಸ್ಸನ್ನು ತೊರೆದರು. ಆ ಸಂದರ್ಭದಲ್ಲಿ ಆಚಾರ್ಯ ನರೇಂದ್ರ ದೇವ ಮತ್ತು ಅವರ ಸಂಗಡಿಗರು, ಕಾಂಗ್ರೆಸ್ಸಿನ ಹೆಸರಿನಲ್ಲಿ ಗೆದ್ದ ಸ್ಥಾನಗಳನ್ನು ಉಳಿಸಿಕೊಳ್ಳುವುದು ನ್ಯಾಯವಲ್ಲವೆಂದು ಉತ್ತರ ಪ್ರದೇಶದ ವಿಧಾನಸಭೆಗೆ ರಾಜೀನಾಮೆಯಿತ್ತು, ಉಪಚುನಾವಣೆಗೆ ನಿಂತು, ಸೋತರು. ಪಕ್ಷ ಬಿಡುವವನು ಪಕ್ಷದಿಂದ ಪಡೆದುದನ್ನೂ ಬಿಡಬೇಕೆಂಬ ಮಾದರಿಯೊಂದು ಭಾರತೀಯ ಸಮಾಜವಾದಿಗಳಿಗೆ ಅಂದೇ ದೊರೆಯಿತು.

1951ರಲ್ಲಿ ಲೋಹಿಯಾ ಅವರಿಗೆ ಕರ್ನಾಟಕದೊಡನೆ ನಿಕಟ ಸಂಬಂಧ ಏರ್ಪಟ್ಟಿತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಅಳತೆಯ ಪ್ರಶ್ನೆಯಿಂದ ಮೊದಲ್ಗೊಂಡು, ಗೇಣಿದಾರರಾದ ದೀವರು ಭೂಮಾಲೀಕರ ವಿರುದ್ಧ ಎದ್ದು ನಿಂತಿದ್ದರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರಂಥ ತರುಣ ಸಮಾಜವಾದಿಗಳು ಅದನ್ನು ಸತ್ಯಾಗ್ರಹವಾಗಿ ಬೆಳೆಸಿದರು. ಜೂನ್ ತಿಂಗಳಲ್ಲಿ ಲೋಹಿಯಾ ಅಲ್ಲಿಗೆ ಬಂದು, ಉಳುವವನ ಗದ್ದೆಗಿಳಿದು, ಬಂಧನಕ್ಕೊಳಗಾದರು. ಮಲೆನಾಡಿನ ಒಂದು ಹಳ್ಳಿಯ ಗೇಣಿ ವಿವಾದ ರಾಷ್ಟ್ರದ ಗಮನಕ್ಕೆ ಬಂದದ್ದರಲ್ಲಿ ಈ ಬಂಧನದ ಪಾತ್ರ ದೊಡ್ಡದು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು.

ಆದರೆ ರಾಷ್ಟ್ರಮಟ್ಟದಲ್ಲಿ 1951-52ರ ಮೊದಲ ಮಹಾಚುನಾವಣೆ ಸಮಾಜವಾದಿಗಳಿಗೆ ತೀವ್ರ ನಿರಾಶೆಯನ್ನು ತಂದಿತು. ಕಾಂಗ್ರೆಸ್ಸಿಗೆ ಪರ್ಯಾಯ ತಾವೇ ಎಂದು ನಂಬಿದ್ದ ಪಕ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮತಗಳು ಬಂದರೂ ಲೋಕಸಭೆಯಲ್ಲಿ ದೊರೆತದ್ದು 12 ಸ್ಥಾನಗಳು ಮಾತ್ರ. ಆಚಾರ್ಯ ಕೃಪಲಾನಿಯವರು 1951ರಲ್ಲಿ ಕಾಂಗ್ರೆಸ್ಸಿನಿಂದ ಹೊರಬಂದು ಕಟ್ಟಿದ್ದ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಸುಮಾರು ಆರರಷ್ಟು ಮತಗಳು, 9 ಸ್ಥಾನಗಳು. ಎರಡೂ ಪಕ್ಷಗಳ ಮತಗಳನ್ನು ಕೂಡಿಸಿದರೆ ನೂರಕ್ಕೆ ಹದಿನಾರನ್ನು ಮೀರುತ್ತಿತ್ತು. ಅದಕ್ಕಿಂತ ಬಹು ಕಡಿಮೆ ಮತ ಗಳಿಸಿದ ಕಮ್ಯೂನಿಸ್ಟರು 16 ಸ್ಥಾನಗಳೊಡನೆ ಪ್ರಮುಖ ವಿರೋಧ ಪಕ್ಷವಾಗಿದ್ದರು. ಅಂಕಗಣಿತ ವಿಲೀನವನ್ನು ಬೇಡುತ್ತಿತ್ತು. 1952ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷ ಅಸ್ತಿತ್ವಕ್ಕೆ ಬಂತು. ಕೃಪಲಾನಿ ಅಧ್ಯಕ್ಷರು, ಅಶೋಕ ಮೆಹತಾ ಪ್ರಧಾನ ಕಾರ್ಯದರ್ಶಿ.

ವಿಲೀನಕ್ಕೆ ಕೆಲವು ತಿಂಗಳ ಮೊದಲು, 1952ರ ಮೇ ತಿಂಗಳಲ್ಲಿ, ಪಚ್‌ಮಢಿಯಲ್ಲಿ ನಡೆದ ಸೋಷಲಿಸ್ಟ್ ಪಕ್ಷದ ವಿಶೇಷ ಅಧಿವೇಶನದ ಅಧ್ಯಕ್ಷತೆಯನ್ನು ಲೋಹಿಯಾ ವಹಿಸಿದ್ದರು. ಬಂಡವಾಳಶಾಹಿ ಮತ್ತು ಕಮ್ಯೂನಿಸಂ ಎರಡೂ ಏಷ್ಯಾ ಖಂಡದ ಬಡ ದೇಶಗಳಿಗೆ ಸಮಾನವಾಗಿ ಅಪ್ರಸ್ತುತವೆಂದೂ, ಎರಡೂ ಒಂದೇ ಬಗೆಯ ಬೃಹತ್ ಯಂತ್ರ ನಾಗರಿಕತೆಯ ಸಂತಾನವೆಂದೂ, ಸಣ್ಣ ಘಟಕದ ಯಂತ್ರ, ವಿಕೇಂದ್ರೀಕೃತ ಅಧಿಕಾರ ಹಾಗೂ ಸತ್ಯಾಗ್ರಹದ ಮೇಲೆ ನಿಂತ ಸಮಾಜವಾದವೇ ಭಾರತಕ್ಕೆ ಹೊಂದುವಂಥದೆಂದೂ ಅವರು ಅಲ್ಲಿ ಪ್ರತಿಪಾದಿಸಿದರು. ಇದರ ರಾಜಕೀಯ ಫಲಿತಾಂಶವೇ ಸಮದೂರದ ತತ್ತ್ವ: ಕಾಂಗ್ರೆಸ್ಸಿನಿಂದಲೂ ಕಮ್ಯೂನಿಸ್ಟರಿಂದಲೂ ಸಮಾನ ಅಂತರದಲ್ಲಿ ನಿಲ್ಲುವುದು. ಆದರೆ ವಿಲೀನಗೊಂಡ ಪಕ್ಷದಲ್ಲಿ ಎರಡು ಮನೋಧರ್ಮಗಳು ಜೊತೆಗಿದ್ದವು. ವರ್ಗಸಂಘರ್ಷದ ಭಾಷೆಯಲ್ಲಿ ಬೆಳೆದ ಸಮಾಜವಾದಿಗಳು ಒಂದೆಡೆ. ಕಾಂಗ್ರೆಸ್ಸಿನ ಆಡಳಿತದ ಬಗೆಗೆ ಬೇಸತ್ತು ಹೊರಬಂದರೂ ಅದರ ಮೂಲ ಧೋರಣೆಗಳಿಂದ ದೂರವಾಗದ ಗಾಂಧೀವಾದಿಗಳು ಇನ್ನೊಂದೆಡೆ. ಸೇರಿಸಿ ಎಣಿಸಿದ ಮತಗಳಿಗೆ ಸೇರಿಸಿ ಯೋಚಿಸಿದ ಸಿದ್ಧಾಂತದ ಆಧಾರ ಇರಲಿಲ್ಲ.

ಈ ಬಿರುಕು ಬೇಗನೆ ಗೋಚರಿಸಿತು. 1953ರ ಆರಂಭದಲ್ಲಿ ನೆಹರೂ ಮತ್ತು ಜಯಪ್ರಕಾಶರ ನಡುವೆ ಸಹಕಾರದ ಮಾತುಕತೆ ನಡೆದು ವಿಫಲವಾಯಿತು. ಜೂನ್ ತಿಂಗಳ ಬೇತೂಲ್ ಅಧಿವೇಶನದಲ್ಲಿ ಅಶೋಕ ಮೆಹತಾ ಅವರು, ಹಿಂದುಳಿದ ಆರ್ಥಿಕತೆಯುಳ್ಳ ದೇಶದಲ್ಲಿ ವಿರೋಧ ಪಕ್ಷವು ವಿರೋಧವನ್ನೇ ಧರ್ಮವಾಗಿ ಮಾಡಿಕೊಳ್ಳಲಾಗದು, ಆಳುವ ಪಕ್ಷದೊಡನೆ ಒಪ್ಪಿಗೆಯಾಗುವ ಕ್ಷೇತ್ರಗಳನ್ನು ಹುಡುಕಬೇಕು ಎಂಬ ವಾದವನ್ನು ಮಂಡಿಸಿದರು. ಇದು ಅಧಿಕಾರಲಾಲಸೆಯ ಮಾತೆಂದು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಬಡ ರಾಷ್ಟ್ರದ ಪುನರ್ನಿರ್ಮಾಣದ ಬಗೆಗಿನ ನಿಜವಾದ ಕಾಳಜಿ ಅದರಲ್ಲಿತ್ತು. ಲೋಹಿಯಾ ಅದನ್ನು ಸಮದೂರದ ತತ್ತ್ವದಿಂದ ಎದುರಿಸಿದರು. ವಿರೋಧ ಪಕ್ಷ ತನ್ನ ಸ್ವಂತ ವ್ಯಕ್ತಿತ್ವವನ್ನು ಕಳೆದುಕೊಂಡರೆ ಪ್ರಜಾಪ್ರಭುತ್ವಕ್ಕೆ ಪರ್ಯಾಯವೇ ಇಲ್ಲದಂತಾಗುತ್ತದೆ ಎಂಬುದು ಅವರ ಆತಂಕ. ಡಿಸೆಂಬರಿನಲ್ಲಿ ಅಲಹಾಬಾದಿನ ಅಧಿವೇಶನ ಅವರನ್ನು ಪ್ರಧಾನ ಕಾರ್ಯದರ್ಶಿಯನ್ನಾಗಿ ಆರಿಸಿತು. 1954ರ ಏಪ್ರಿಲ್‌ನಲ್ಲಿ ಜಯಪ್ರಕಾಶರು ಬೋಧಗಯೆಯಲ್ಲಿ ಭೂದಾನ ಚಳವಳಿಗೆ ಜೀವನವನ್ನೇ ಅರ್ಪಿಸಿದಾಗ, ಎರಡೂ ಬಣಗಳು ಗೌರವಿಸುತ್ತಿದ್ದ ಮಧ್ಯಸ್ಥರೊಬ್ಬರು ಪಕ್ಷಕ್ಕೆ ಇಲ್ಲವಾದರು.

ಇದೇ ವೇಳೆಗೆ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಅನಿರೀಕ್ಷಿತವಾದ ಅವಕಾಶವೊಂದು ಒದಗಿತು. 1954ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 45, ಕಮ್ಯೂನಿಸ್ಟರಿಗೆ 23, ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ 19 ಸ್ಥಾನಗಳು ಬಂದವು. ಯಾರಿಗೂ ಬಹುಮತವಿಲ್ಲದ ಆ ಸಭೆಯಲ್ಲಿ ಕಾಂಗ್ರೆಸ್ಸಿನ ಬೆಂಬಲದಿಂದ ಪಟ್ಟಂ ತಾಣು ಪಿಳ್ಳೆಯವರು ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ದೇಶದಲ್ಲಿ ಪ್ರಜಾ ಸೋಷಲಿಸ್ಟರು ನಡೆಸುತ್ತಿದ್ದ ಏಕೈಕ ಸರ್ಕಾರ ಅದು. ರಾಜ್ಯದ ದಕ್ಷಿಣದ ತಮಿಳು ತಾಲ್ಲೂಕುಗಳನ್ನು ಮದರಾಸು ರಾಜ್ಯಕ್ಕೆ ಸೇರಿಸಬೇಕೆಂಬ ಚಳವಳಿ ಆಗ ಉಗ್ರವಾಗಿತ್ತು. ಆಗಸ್ಟ್ 11ರಂದು ಮಾರ್ತಾಂಡಂ ಮತ್ತು ಪುದುಕ್ಕಡಗಳಲ್ಲಿ ಪೊಲೀಸರು ಜನರ ಗುಂಪುಗಳ ಮೇಲೆ ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು.

ಆ ಹೊತ್ತಿಗೆ ಲೋಹಿಯಾ ಅವರು ಉತ್ತರ ಪ್ರದೇಶದಲ್ಲಿ ಕಾಲುವೆ ನೀರಿನ ಕರ ಏರಿಕೆಯ ವಿರುದ್ಧದ ಚಳವಳಿಯಲ್ಲಿ ಬಂಧಿತರಾಗಿ ನೈನಿ ಸೆರೆಮನೆಯಲ್ಲಿದ್ದರು. ಅಲ್ಲಿಂದಲೇ ಅವರು ತಂತಿ ಕಳುಹಿಸಿ, ಪಟ್ಟಂ ಸರ್ಕಾರ ರಾಜೀನಾಮೆ ಕೊಡಬೇಕು, ಗೋಲಿಬಾರಿನ ಬಗೆಗೆ ವಿಚಾರಣೆ ನಡೆಯಬೇಕು ಎಂದು ಸೂಚಿಸಿದರು. ಅವರ ತರ್ಕ ಸರಳವಾಗಿತ್ತು. ಸ್ವತಂತ್ರ ಭಾರತದಲ್ಲಿ ಕಾಂಗ್ರೆಸ್ ಸರ್ಕಾರಗಳು ನಡೆಸಿದ ಗೋಲಿಬಾರುಗಳನ್ನು ಸಮಾಜವಾದಿಗಳು ಸತತವಾಗಿ ಖಂಡಿಸುತ್ತ ಬಂದಿದ್ದರು. ಪರರು ಮಾಡಿದಾಗ ಪಾಪವಾದದ್ದು ತಮ್ಮವರು ಮಾಡಿದಾಗ ಆಡಳಿತದ ಅನಿವಾರ್ಯವಾಗುವುದಾದರೆ, ಸಮಾಜವಾದಿ ಸರ್ಕಾರಕ್ಕೂ ಇತರ ಸರ್ಕಾರಕ್ಕೂ ಉಳಿಯುವ ವ್ಯತ್ಯಾಸವೇನು? ಇದ್ದ ಒಂದೇ ಸರ್ಕಾರವನ್ನು ಕಳೆದುಕೊಂಡರೂ ಚಿಂತೆಯಿಲ್ಲ, ಜನರ ಮೇಲೆ ಗುಂಡು ಹಾರಿಸಿದ ಸರ್ಕಾರ ಅಧಿಕಾರದಲ್ಲಿ ಮುಂದುವರಿಯಬಾರದೆಂಬ ಸಂಪ್ರದಾಯ ಈ ದೇಶದಲ್ಲಿ ಆರಂಭವಾಗಲಿ ಎಂಬುದು ಅವರ ಆಶಯ.

ಎದುರುವಾದವೂ ಬಲವಾದದ್ದೇ ಆಗಿತ್ತು. ಸರ್ಕಾರ ನಡೆಸಲು ಒಪ್ಪಿಕೊಂಡವರು ಶಾಂತಿಪಾಲನೆಯ ಹೊಣೆಯನ್ನೂ ಒಪ್ಪಿಕೊಂಡಂತೆ. ಹಿಂಸೆಗೆ ತಿರುಗಿದ ಗುಂಪನ್ನು ಎದುರಿಸಿದ ಪ್ರತಿ ಸಂದರ್ಭದಲ್ಲಿಯೂ ರಾಜೀನಾಮೆ ಕೊಡಬೇಕಾದರೆ ಯಾವ ಪಕ್ಷವೂ ಆಡಳಿತ ನಡೆಸಲಾರದು. ಸೆರೆಮನೆಯಲ್ಲಿದ್ದವರು ಸ್ಥಳದ ಸ್ಥಿತಿಗತಿಯನ್ನು ಪೂರ್ತಿ ತಿಳಿಯದೆ, ಸಹೋದ್ಯೋಗಿಗಳೊಡನೆ ಸಮಾಲೋಚಿಸದೆ ತೀರ್ಪು ಕೊಟ್ಟುಬಿಟ್ಟರು ಎಂದು ಪಕ್ಷದೊಳಗಿನ ಅನೇಕರು ಭಾವಿಸಿದರು. ಸರ್ಕಾರದ ರಾಜೀನಾಮೆ ಅನಗತ್ಯವೆಂಬುದೇ ಕಾರ್ಯಕಾರಿ ಸಮಿತಿಯ ಬಹುಮತದ ನಿಲುವಾಯಿತು. ಲೋಹಿಯಾ ತಮ್ಮ ಪ್ರಧಾನ ಕಾರ್ಯದರ್ಶಿ ಸ್ಥಾನವನ್ನು ಬಿಟ್ಟುಕೊಟ್ಟರು. ನವೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ವಿಶೇಷ ಅಧಿವೇಶನದಲ್ಲಿಯೂ ಅವರ ಪಕ್ಷಕ್ಕೆ ಸೋಲಾಯಿತು. ಆದರೆ ಅವರ ಪರವಾಗಿ ಬಂದ ಮತಗಳು ಉಪೇಕ್ಷಿಸುವಷ್ಟು ಕಡಿಮೆಯಿರಲಿಲ್ಲ. ವಿಪರ್ಯಾಸವೆಂದರೆ, ಪಕ್ಷ ಇಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ಆ ಸರ್ಕಾರ ಕಾಂಗ್ರೆಸ್ಸಿನ ಬೆಂಬಲವನ್ನು ಕಳೆದುಕೊಂಡು 1955ರ ಫೆಬ್ರವರಿಯಲ್ಲಿ ಉರುಳಿತು.

ಅದಕ್ಕೆ ಒಂದು ತಿಂಗಳ ಹಿಂದೆ ಕಾಂಗ್ರೆಸ್ಸು ಆವಡಿ ಅಧಿವೇಶನದಲ್ಲಿ ಸಮಾಜವಾದಿ ಮಾದರಿಯ ಸಮಾಜರಚನೆಯನ್ನು ತನ್ನ ಗುರಿಯೆಂದು ಘೋಷಿಸಿತ್ತು. ಅದನ್ನು ಸ್ವಾಗತಿಸಿದವರಲ್ಲಿ ಅಶೋಕ ಮೆಹತಾ ಪ್ರಮುಖರು. ಇದನ್ನು ಬಹಿರಂಗವಾಗಿ ಟೀಕಿಸಿದ ಪುಣೆಯ ತರುಣ ಮುಂದಾಳು ಮಧು ಲಿಮಯೆ ಅವರನ್ನು ಮುಂಬಯಿಯ ಶಾಖೆ ಅಮಾನತುಗೊಳಿಸಿತು. ಉತ್ತರ ಪ್ರದೇಶದ ಶಾಖೆ ಲಿಮಯೆಯವರನ್ನೇ ಗಾಜೀಪುರದ ತನ್ನ ಸಮ್ಮೇಳನಕ್ಕೆ ಕರೆಯಿತು. ಅದರ ಕಾರ್ಯಸಮಿತಿಯೂ ಅಮಾನತುಗೊಂಡಿತು. ಅವರ ಬೆಂಬಲಕ್ಕೆ ನಿಂತ ಲೋಹಿಯಾ ಅವರನ್ನು 1955ರ ಜುಲೈಯಲ್ಲಿ ಪಕ್ಷ ಅಮಾನತಿನಲ್ಲಿರಿಸಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನರೇಂದ್ರ ದೇವರು: 1948ರಲ್ಲಿ ತತ್ತ್ವಕ್ಕಾಗಿ ಶಾಸಕ ಸ್ಥಾನವನ್ನು ತೊರೆದು ಮೇಲ್ಪಂಕ್ತಿ ಹಾಕಿಕೊಟ್ಟವರು, ಲೋಹಿಯಾ ಅವರು ಹಿರಿಯರೆಂದು ಗೌರವಿಸುತ್ತಿದ್ದವರು, ಆ ವೇಳೆಗೆ ಉಬ್ಬಸದಿಂದ ಜರ್ಝರಿತರಾಗಿದ್ದವರು. ಆ ಪ್ರಸಂಗದಲ್ಲಿ ಖಳನಾಯಕರನ್ನು ಹುಡುಕುವುದು ವ್ಯರ್ಥ. ಶಿಸ್ತಿಲ್ಲದ ಪಕ್ಷ ಉಳಿಯದು ಎಂದವರೂ, ಸಿದ್ಧಾಂತವಿಲ್ಲದ ಪಕ್ಷ ಉಳಿದು ಪ್ರಯೋಜನವಿಲ್ಲ ಎಂದವರೂ ತಮ್ಮ ತಮ್ಮ ನೆಲೆಯಲ್ಲಿ ಪ್ರಾಮಾಣಿಕರೇ ಆಗಿದ್ದರು. ನರೇಂದ್ರ ದೇವರು 1956ರ ಫೆಬ್ರವರಿಯಲ್ಲಿ ನಿಧನರಾದರು. ಒಡೆದ ಮನೆ ಅವರ ಕಣ್ಣಮುಂದೆ ಮತ್ತೆ ಒಂದಾಗಲಿಲ್ಲ.

1955ರ ಕೊನೆಯ ದಿನಗಳಲ್ಲಿ ಹೈದರಾಬಾದಿನಲ್ಲಿ ಸೇರಿದ ಲೋಹಿಯಾ ಅವರ ಅನುಯಾಯಿಗಳು ಸೋಷಲಿಸ್ಟ್ ಪಕ್ಷವನ್ನು ಹೊಸದಾಗಿ ಸ್ಥಾಪಿಸಿದರು. ಲೋಹಿಯಾ ಅಧ್ಯಕ್ಷರಾದರು. ಹಣವಿಲ್ಲ, ಶಾಸನಸಭೆಗಳಲ್ಲಿ ಬಲವಿಲ್ಲ, ಹಳೆಯ ಒಡನಾಡಿಗಳಲ್ಲಿ ಬಹುಪಾಲು ಮಂದಿ ಇಲ್ಲ. ಹೈದರಾಬಾದು ಅವರ ಎರಡನೆಯ ನೆಲೆಯಾಯಿತು. ಅಲ್ಲಿಂದ 1956ರಲ್ಲಿ ಮ್ಯಾನ್‌ಕೈಂಡ್ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಡತೊಡಗಿತು. ಸೋಲುಗಳು ಬೆನ್ನು ಬಿಡಲಿಲ್ಲ. 1957ರಲ್ಲಿ ಚಂದೌಲಿಯಲ್ಲಿ ಸೋತರು. 1962ರಲ್ಲಿ ಫೂಲಪುರದಲ್ಲಿ ನೆಹರೂ ಅವರ ಎದುರಿಗೇ ನಿಂತು ಮತ್ತೆ ಸೋತರು. ಆ ಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟರು 12, ಲೋಹಿಯಾ ಅವರ ಪಕ್ಷದವರು 6 ಸ್ಥಾನಗಳಿಗೆ ಇಳಿದಿದ್ದರು. ಒಡಕಿನ ಬೆಲೆಯನ್ನು ಎರಡೂ ಕಡೆಯವರು ತೆತ್ತರು.

ಆದರೆ ಚಿಂತನೆಯ ದೃಷ್ಟಿಯಿಂದ ಲೋಹಿಯಾ ಅವರ ಅತ್ಯಂತ ಫಲವತ್ತಾದ ಕಾಲ ಈ ಏಕಾಂಗಿತನದ್ದೇ. ಜಾತಿ ಮತ್ತು ಲಿಂಗಭೇದಗಳು ವರ್ಗಭೇದದ ನೆರಳುಗಳಲ್ಲ, ತಮ್ಮಷ್ಟಕ್ಕೆ ತಾವೇ ದಾಸ್ಯದ ರೂಪಗಳು ಎಂದು ಅವರು ವಾದಿಸಿದರು. ಶೂದ್ರರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರಲ್ಲಿ ಹಿಂದುಳಿದವರು ಮತ್ತು ಎಲ್ಲ ಜಾತಿಗಳ ಸ್ತ್ರೀಯರಿಗೆ ನಾಯಕತ್ವದ ಸ್ಥಾನಗಳಲ್ಲಿ ನೂರಕ್ಕೆ ಅರವತ್ತರಷ್ಟು ಪಾಲು ದೊರೆಯಬೇಕೆಂಬ ಬೇಡಿಕೆ ಪಕ್ಷದ ಕಾರ್ಯಕ್ರಮವಾಯಿತು. ಇಂಗ್ಲಿಷನ್ನು ಸಾರ್ವಜನಿಕ ವ್ಯವಹಾರದಿಂದ ತೆಗೆದುಹಾಕುವ ಚಳವಳಿಯೂ ಇದೇ ಕಾಲದ್ದು. ದಕ್ಷಿಣದಲ್ಲಿ ಇದನ್ನು ಹಿಂದಿಯ ಹೇರಿಕೆಯೆಂದು ಅನೇಕರು ಶಂಕಿಸಿದರು. ಶಂಕೆಗೆ ಕಾರಣಗಳೂ ಇದ್ದವು. ಆದರೆ ಜನಸಾಮಾನ್ಯನಿಗೆ ತಿಳಿಯದ ಭಾಷೆಯಲ್ಲಿ ನಡೆಯುವ ಆಡಳಿತ ಪ್ರಜಾಪ್ರಭುತ್ವವಾಗಲಾರದು ಎಂಬ ಮೂಲವಿಚಾರ ಎಲ್ಲ ದೇಶಭಾಷೆಗಳಿಗೂ ಅನ್ವಯಿಸುವಂಥದಾಗಿತ್ತು.

1963ರ ಉಪಚುನಾವಣೆಯಲ್ಲಿ ಫರೂಕಾಬಾದಿನಿಂದ ಗೆದ್ದು ಲೋಹಿಯಾ ಮೊದಲ ಬಾರಿಗೆ ಲೋಕಸಭೆಯನ್ನು ಪ್ರವೇಶಿಸಿದರು. ಅದೇ ಆಗಸ್ಟಿನಲ್ಲಿ ಕೃಪಲಾನಿಯವರು ಮಂಡಿಸಿದ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆಂಬ ಅವರ ಪ್ರತಿಪಾದನೆ ದೇಶವ್ಯಾಪಿ ವಿವಾದಕ್ಕೆ ಕಾರಣವಾಯಿತು. ಸರ್ಕಾರ ಕೊಟ್ಟ ಅಂಕಿ ಹದಿನೈದಾಣೆ. ಬಡವನ ದಿನದ ಆದಾಯ ಸಂಸತ್ತಿನ ಮುಖ್ಯ ಪ್ರಶ್ನೆಯಾದದ್ದು ಆ ಚರ್ಚೆಯ ಫಲ. ಇತ್ತ ಅಶೋಕ ಮೆಹತಾ ಅವರು ಯೋಜನಾ ಆಯೋಗದ ಉಪಾಧ್ಯಕ್ಷತೆಯನ್ನು ಸ್ವೀಕರಿಸಿ, ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಹೊರಹಾಕಲ್ಪಟ್ಟು, 1964ರಲ್ಲಿ ಕಾಂಗ್ರೆಸ್ಸನ್ನು ಸೇರಿದರು. ಬೇತೂಲಿನ ವಾದ ತನ್ನ ತಾರ್ಕಿಕ ಕೊನೆಯನ್ನು ಮುಟ್ಟಿತು. 1964ರಲ್ಲಿಯೇ ಎರಡು ಸಮಾಜವಾದಿ ಪಕ್ಷಗಳು ಮತ್ತೊಮ್ಮೆ ವಿಲೀನಗೊಂಡು ಸಂಯುಕ್ತ ಸೋಷಲಿಸ್ಟ್ ಪಕ್ಷವಾದವು. ವರ್ಷ ತುಂಬುವುದರೊಳಗೆ, 1965ರ ಆರಂಭದಲ್ಲಿ, ಪ್ರಜಾ ಸೋಷಲಿಸ್ಟರಲ್ಲಿ ಒಂದು ಭಾಗ ಹೊರನಡೆಯಿತು. ಈ ಸಲ ನಿರ್ಗಮಿಸಿದವರು ಎದುರು ಬಣದವರು.

ಲೋಹಿಯಾ ಅವರ ಕೊನೆಯ ವರ್ಷಗಳ ಕಾಂಗ್ರೆಸ್ಸೇತರವಾದವನ್ನು ಈ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕು. ಸಮದೂರಕ್ಕಾಗಿ ಪಕ್ಷವನ್ನೇ ತೊರೆದವರು 1967ರ ಹೊತ್ತಿಗೆ ಕಾಂಗ್ರೆಸ್ಸನ್ನು ಸೋಲಿಸಲು ಜನಸಂಘದಿಂದ ಕಮ್ಯೂನಿಸ್ಟರವರೆಗೆ ಎಲ್ಲರೂ ಕೂಡಬೇಕೆಂದರು. ಇದು ಅಸಂಗತವೆಂಬ ಟೀಕೆ ಅಂದೂ ಇತ್ತು, ನಂತರವೂ ಉಳಿಯಿತು. ಇಪ್ಪತ್ತು ವರ್ಷಗಳ ಏಕಪಕ್ಷದ ಆಡಳಿತ ಕದಲದೆ ಯಾವ ತತ್ತ್ವಕ್ಕೂ ಎಡೆ ದೊರೆಯದು, ಮೈತ್ರಿ ಬೇರೆ, ವಿಲೀನ ಬೇರೆ ಎಂಬುದು ಅವರ ಸಮರ್ಥನೆಯ ತಿರುಳು. ಆ ಚುನಾವಣೆಯಲ್ಲಿ ಕಾಂಗ್ರೆಸ್ಸು ಲೋಕಸಭೆಯಲ್ಲಿ 283 ಸ್ಥಾನಗಳಿಗೆ ಇಳಿಯಿತು. ಸಂಯುಕ್ತ ಸೋಷಲಿಸ್ಟರು 23 ಸ್ಥಾನ ಗೆದ್ದರು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಾಯಕರಾಗಿದ್ದ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಶಿವಮೊಗ್ಗದಿಂದ ಆರಿಸಿಬಂದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಭಾಷೆಯ ಪ್ರಶ್ನೆಗೆ ಕಾರ್ಯರೂಪದ ಉತ್ತರ ಕೊಟ್ಟರು. ಬಿಹಾರದಲ್ಲಿ ತಮ್ಮ ಪಕ್ಷ ಪಾಲುಗೊಂಡಿದ್ದ ಸರ್ಕಾರದಲ್ಲಿ, ಲೋಕಸಭೆಗೆ ಆಯ್ಕೆಯಾಗಿದ್ದ ಬಿ.ಪಿ. ಮಂಡಲ್ ಅವರು ಮಂತ್ರಿಯಾದಾಗ ಲೋಹಿಯಾ ಅದನ್ನು ಆಕ್ಷೇಪಿಸಿದರು. ಮಂಡಲ್ ಪಕ್ಷ ಬಿಟ್ಟರು. 1968ರ ಆರಂಭದಲ್ಲಿ ಆ ಸರ್ಕಾರ ಬಿತ್ತು. ನಿಲುವುಗಳು ಬದಲಾದರೂ, ತನ್ನವರ ಅಧಿಕಾರವನ್ನು ಪ್ರಶ್ನಿಸುವ ಹಟ ಬದಲಾಗಿರಲಿಲ್ಲ.

ಅದನ್ನು ನೋಡಲು ಲೋಹಿಯಾ ಉಳಿದಿರಲಿಲ್ಲ. ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ 1967ರ ಅಕ್ಟೋಬರ್ 12ರಂದು ಅವರು ತೀರಿಕೊಂಡರು. ವಯಸ್ಸು 57. ಮದುವೆಯಿಲ್ಲ, ಮನೆಯಿಲ್ಲ, ಆಸ್ತಿಯಿಲ್ಲ. ಆ ಆಸ್ಪತ್ರೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಕನ್ನಡದ ಮಟ್ಟಿಗೆ ಲೋಹಿಯಾ ಅವರ ಪ್ರಭಾವ ಚುನಾವಣೆಯ ಅಂಕಿಗಳಲ್ಲಿ ಅಳೆಯುವಂಥದಲ್ಲ. ಗೋಪಾಲಗೌಡರ ಮೂಲಕ ಆ ವಿಚಾರಗಳು ಒಂದಿಡೀ ಪೀಳಿಗೆಯ ಲೇಖಕರನ್ನು ತಲುಪಿದವು. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ಬರವಣಿಗೆಯಲ್ಲಿ ಜಾತಿ, ಭಾಷೆ, ಅಧಿಕಾರಗಳ ಕುರಿತ ಜಿಜ್ಞಾಸೆಗೆ ಲೋಹಿಯಾ ಚಿಂತನೆ ಒಂದು ಮುಖ್ಯ ಆಕರ. ಗೋಪಾಲಗೌಡರ ಜೀವನದ ಛಾಯೆಯುಳ್ಳ ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿ, ಅಧಿಕಾರದ ಹೊಸ್ತಿಲಲ್ಲಿ ನಿಂತ ಸಮಾಜವಾದಿಯ ಅಂತರಂಗದ ತಳಮಳವನ್ನೇ ವಸ್ತುವಾಗಿ ಉಳ್ಳದ್ದು. 1954ರಲ್ಲಿ ಪಕ್ಷವನ್ನು ಸೀಳಿದ ಪ್ರಶ್ನೆ ಹೀಗೆ ಕನ್ನಡ ಸಾಹಿತ್ಯದ ಪ್ರಶ್ನೆಯೂ ಆಯಿತು.

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ ಪಕ್ಷಾಂತರವನ್ನು ನಿಷೇಧಿಸುವಾಗಲೂ, ವಿಲೀನವನ್ನು ಒಪ್ಪದೆ ಪ್ರತ್ಯೇಕವಾಗಿ ಉಳಿಯುವ ಶಾಸಕನ ಹಕ್ಕನ್ನು ಮಾನ್ಯ ಮಾಡಿದೆ. ಲೋಹಿಯಾ ಅವರಿಗೆ ಇಂಥ ರಕ್ಷಣೆ ಬೇಕಿರಲಿಲ್ಲ. 1955ರಲ್ಲಿ ಅವರು ಯಾವ ಸಭೆಯ ಸದಸ್ಯರೂ ಆಗಿರಲಿಲ್ಲ, ಕಳೆದುಕೊಳ್ಳಲು ಸ್ಥಾನವೂ ಇರಲಿಲ್ಲ. ಕಳೆದುಕೊಂಡದ್ದು ಇಪ್ಪತ್ತು ವರ್ಷಗಳ ಒಡನಾಟವನ್ನು. ಅವರ ನಿರ್ಗಮನ ಸಮಾಜವಾದಿ ಚಳವಳಿಯನ್ನು ದುರ್ಬಲಗೊಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಗುಂಡಿಗೆ ಬಲಿಯಾದವರ ಲೆಕ್ಕವನ್ನು ಆಳುವವರ ಪಕ್ಷ ಯಾವುದೆಂದು ನೋಡಿ ಬರೆಯಕೂಡದು ಎಂಬ ಒಂದು ಅಳತೆಗೋಲನ್ನು ಅದು ಉಳಿಸಿಹೋಯಿತು. ಕಾಗೋಡಿನ ಗೇಣಿದಾರರು ಕೇಳಿದ್ದೂ ಎಲ್ಲರಿಗೂ ಒಂದೇ ಆದ ಅಳತೆಯನ್ನೇ.